ಔರಾದಿನ ಷೋಕೇಸಿನಲ್ಲಿರುವ ಕಾಫಿ ಪಾತ್ರೆ

ಬೀದರ್‌ನಲ್ಲಿ ಕಾಫಿ ಮಾಡುವ ಸಾಮಾನು ಮಾರಿ ಹೊಟ್ಟೆ ಹೊರೆದೆ ಎಂದರೆ ನಮ್ಮ ಕಡೆಯವರೇ ನಗುತ್ತಾರೆ. ಇದು ಚಹಾದ ಸೀಮೆ. ಎದ್ದರೆ ಚಹಾ, ಯಾರಾದರೂ ಮನೆಗೆ ಬಂದರೆ ಚಹಾ, ಜಗಳ ಆಡಿದವರು ರಾಜಿಗೆ ಕೂತರೂ ಚಹಾ. ಅಂಥ ಊರಿನಲ್ಲಿ, ಚೌಬಾರಾದ ಹತ್ತಿರದ ಒಂದು ಪಾತ್ರೆ ಅಂಗಡಿಯಲ್ಲಿ ನಾನು ಮೂವತ್ತೊಂದು ವರ್ಷ ಕೌಂಟರಿನ ಹಿಂದೆ ನಿಂತೆ. ಕುಕ್ಕರ್, ಮಿಕ್ಸರ್, ಗ್ಯಾಸಿನ ಒಲೆ ಎಲ್ಲವನ್ನೂ ಮಾರಿದ್ದೇನೆ. ಕಾಫಿ ಸಾಮಾನು ಕೇಳಿ ಬಂದವರನ್ನು ಮಾತ್ರ ಯಾರೇ ಇರಲಿ ನನ್ನ ಕಡೆಗೇ ಕಳಿಸುತ್ತಿದ್ದರು. ಬೆನ್ನ ಹಿಂದೆ ನನ್ನನ್ನು ‘ಕಾಫಿ ವೈಜಿನಾಥ’ ಎನ್ನುತ್ತಿದ್ದರು. ಈಗ ನಿವೃತ್ತನಾಗಿರುವುದರಿಂದ ಒಂದು ಗುಟ್ಟು ಹೇಳಬಹುದು. ಆ ಮೂವತ್ತೊಂದು ವರ್ಷದಲ್ಲಿ ನಾನು ಒಂದು ಗುಟುಕು ಕಾಫಿ ಕುಡಿದವನಲ್ಲ.

ಮೊನ್ನೆ ಅಂಗಡಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. “ಕಾಕಾ, ಕಾಫಿ ಮಷಿನ್ ಕೇಳ್ಲಿಕ್ಕ ಬಂದೋರಿಗಿ ಯಾವುದು ಕೊಡಬೇಕ್ರಿ? ನಾಕೈದು ನಮೂನಿ ಅವ. ನಂಗ ಒಂದೂ ತಿಳಿಯಂಗಿಲ್ಲ” ಎಂದಳು. ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಬಾಯಿ ತೆಗೆದಾಗ ಔರಾದಿನ ಒಂದು ಮನೆ ನೆನಪಾಗಿ ಮಾತು ಅಲ್ಲೇ ನಿಂತಿತು. ಆ ಮನೆಗೆ ನಾನು ತಪ್ಪು ಪಾತ್ರೆ ಕೊಟ್ಟೆ. ಅದರಿಂದಾಗಿ ಒಬ್ಬ ಹೆಣ್ಣುಮಗಳು ತಮಗೆ ಪ್ರಿಯವಾಗಿದ್ದ ಕಾಫಿಯನ್ನೇ ಬಿಟ್ಟರು. ಅದನ್ನು ಮುಚ್ಚಿಟ್ಟು ಬೇರೆ ಏನು ಕಲಿಸಿದರೂ ಆ ಹುಡುಗಿಗೆ ಮೋಸ ಮಾಡಿದಂತೆ. ಅದಕ್ಕೇ ಬರೆದು ಕಳಿಸುತ್ತೇನೆ ಎಂದೆ. ಅವಳಂತೆ ಈಗ ಕೌಂಟರಿನ ಹಿಂದೆ ನಿಲ್ಲಲು ಹೊರಟಿರುವ ಎಲ್ಲರಿಗೂ ಇದು.

ನಾನು ಹಲಬರ್ಗಾದವನು. ಕೆಲಸಕ್ಕೆ ಸೇರಿದಾಗ ಫಿಲ್ಟರ್ ಎಂದರೆ ಏನೆಂದೇ ಗೊತ್ತಿರಲಿಲ್ಲ. ಕಪಾಟಿನಲ್ಲಿ ಒಂದರ ಮೇಲೊಂದು ಕೂರುವ ಎರಡು ಹಿತ್ತಾಳೆ ಡಬ್ಬಿಗಳಿದ್ದವು. ಮೇಲಿನದರ ತಳದಲ್ಲಿ ಸಣ್ಣ ಸಣ್ಣ ತೂತು. ಸೇರಿದ ವಾರದಲ್ಲೇ ಭಾತಂಬ್ರಾದಿಂದ ಬಂದ ಒಬ್ಬ ಹೆಂಗಸು ಅದನ್ನು ಎತ್ತಿ ತಿರುವಿ ನೋಡಿ, “ಇದು ಎದಕ್ಕ ಬರ್ತದೋ ತಮ್ಮಾ?” ಎಂದು ಕೇಳಿದರು. ಗಿರಾಕಿಯ ಎದುರು ಗೊತ್ತಿಲ್ಲ ಎನ್ನಬಾರದು ಎಂಬುದು ನಮ್ಮ ಸೇಠಜಿ ಹೇಳಿಕೊಟ್ಟ ಮೊದಲ ಪಾಠ. ನಾನು ತಡವರಿಸದೆ, “ಮಡಕಿ ಕಾಳು ಮೊಳಕಿ ಬರಸ್ಲಿಕ್ಕ ಅಕ್ಕಾರ. ನೀರೆಲ್ಲಾ ಕೆಳಗ ಇಳೀತದ” ಎಂದುಬಿಟ್ಟೆ. ಅವರು ಖುಷಿಯಿಂದ ಕೊಂಡು ಹೋದರು. ಒಳಗೆ ಕೂತು ಕೇಳಿಸಿಕೊಂಡಿದ್ದ ಸೇಠಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮಾಷೆಯೆಂದರೆ ಎರಡು ವರ್ಷದ ಮೇಲೆ ಅದೇ ಹೆಂಗಸು ತಮ್ಮ ತಂಗಿಯನ್ನು ಕರೆದುಕೊಂಡು ಬಂದು, “ಅಂಥದ್ದೇ ಮೊಳಕಿ ಡಬ್ಬಿ ಈಕಿಗೂ ಕೊಡು” ಎಂದರು. ಅಷ್ಟೊತ್ತಿಗೆ ನನಗೆ ನಿಜ ಗೊತ್ತಿತ್ತು. ಆದರೂ ಸುಮ್ಮನೆ ಕಟ್ಟಿಕೊಟ್ಟೆ. ಕಾಳು ಚೆನ್ನಾಗಿ ಮೊಳೆಯುತ್ತಿದ್ದವಂತೆ, ಇನ್ನೇನು ಹೇಳುವುದು.

ಫಿಲ್ಟರ್ ಎಂದರೆ ಏನು ಎಂದು ನನಗೆ ಕಲಿಸಿದವರು ಮೈಸೂರಿನ ಕಡೆಯಿಂದ ವರ್ಗವಾಗಿ ಬಂದಿದ್ದ ಒಬ್ಬ ಅಧಿಕಾರಿಯ ತಾಯಿ. ಆ ಅಜ್ಜಿ ಮೇಲಿನ ಡಬ್ಬಿಯನ್ನು ಬೆಳಕಿಗೆ ಹಿಡಿದು ತೂತುಗಳನ್ನು ನೋಡುತ್ತಿದ್ದರು. ಒಂದು ಮುಚ್ಚಿದ್ದರೂ ಬೇಡ. “ಪುಡಿಯನ್ನ ಅದುಮಬೇಡಪ್ಪ, ಮುಟ್ಟಿದ ಹಾಗೆ ಮಾಡು. ಅದುಮಿದರೆ ನಾಳೆ ಬೆಳಿಗ್ಗೆಗೆ ಡಿಕಾಕ್ಷನ್ ಇಳಿಯುತ್ತೆ” ಎಂದು ನಗುತ್ತಾ ಹೇಳಿಕೊಟ್ಟರು. ಚಿಕೋರಿ ಹೆಚ್ಚಿದ್ದ ಪುಡಿ ತೂತಿಗೆ ಅಂಟುತ್ತದೆ, ನುಣ್ಣಗೆ ಬೀಸಿದ್ದು ಕೆಳಗೆ ಸೋರುತ್ತದೆ ಎಂಬುದೆಲ್ಲ ಅವರಿಂದಲೇ ತಿಳಿಯಿತು. ಕುಡಿದು ನೋಡು ಎಂದು ಒಂದು ಲೋಟ ಮುಂದೆ ಹಿಡಿದರು. ನನಗೆ ಅದರ ಬಣ್ಣ ಕಂಡರೇ ಕಷಾಯದ ನೆನಪಾಗುತ್ತಿತ್ತು. ಚಹಾ ಅಷ್ಟೇ ರೂಢಿ ಎಂದು ಕೈ ಮುಗಿದೆ. ಅವತ್ತಿನಿಂದ ವಾಸನೆ, ಬಣ್ಣ ನೋಡಿಯೇ ಕಾಫಿಯ ಬಗ್ಗೆ ಮಾತಾಡುವುದು ಕಲಿತೆ. ಹೀಗೆ ಮಾತಾಡಿ ಮಾತಾಡಿ ಎಲ್ಲ ಗೊತ್ತಿದೆ ಎಂದು ನನಗೇ ಅನಿಸತೊಡಗಿತು.

ಮುಂದೆ ಕರೆಂಟಿನ ಯಂತ್ರಗಳು ಬಂದವು. ಹಿಂದೆ ನೀರು ಹಾಕುವ ತೊಟ್ಟಿ, ಮುಂದೆ ಗಾಜಿನ ಜಗ್ಗು, ನಡುವೆ ಪುಡಿಯ ಬುಟ್ಟಿ. ಗುಂಡಿ ಒತ್ತಿದರೆ ಬಿಸಿನೀರು ಪುಡಿಯ ಮೇಲೆ ಹನಿದು ಜಗ್ಗಿಗೆ ಇಳಿಯುತ್ತದೆ. ಮೊದಲನೆಯದನ್ನು ಭಾಲ್ಕಿಯ ಒಬ್ಬ ಕಂಟ್ರಾಕ್ಟರ್ ಮಗಳ ಮದುವೆಗೆ ಉಡುಗೊರೆ ಕೊಡಲು ಕೊಂಡುಹೋದರು. ಹದಿನೈದು ದಿನಕ್ಕೆ ಫೋನ್ ಬಂತು, ಮಷಿನ್ ಹೊಗೆ ಕಾರುತ್ತಿದೆ ಎಂದು. ಹೋಗಿ ನೋಡಿದರೆ ನೀರಿನ ತೊಟ್ಟಿಯ ತುಂಬ ಹಾಲು. ಅದರಲ್ಲೇ ಸಕ್ಕರೆ, ಜಜ್ಜಿದ ಶುಂಠಿ, ಏಲಕ್ಕಿ. ನಮ್ಮ ಕಡೆ ಚಹಾ ಎಂದರೆ ಹಾಲಿನಲ್ಲಿ ಎಲ್ಲವನ್ನೂ ಹಾಕಿ ಕುದಿಸುವುದು ತಾನೆ, ಕಾಫಿಯೂ ಹಾಗೆಯೇ ಎಂದು ಆ ಮನೆಯವರು ತಿಳಿದಿದ್ದರು. ಒಳಗಿನ ಕೊಳವೆಯಲ್ಲಿ ಹಾಲು ಒಡೆದು, ಸೀದು, ಗಟ್ಟಿಯಾಗಿ ಕೂತಿತ್ತು. ಆ ಹೊಸ ಮದುಮಗಳ ಎದುರಿಗೇ ನಾನು, “ಇದರಾಗ ಯಾರರ ಹಾಲ ಹಾಕ್ತಾರೇನ್ರಿ?” ಎಂದು ನಕ್ಕೆ. ಅವಳ ಮುಖ ಸಣ್ಣದಾಯಿತು.

ಬಂದು ಸೇಠಜಿಗೆ ಹೇಳಿದರೆ ಅವರು ನಗಲಿಲ್ಲ. ಕೋಪ ಬಂದರೆ ಅವರ ದನಿ ತಗ್ಗುತ್ತಿತ್ತು. “ಹಾಲ ಹಾಕಬ್ಯಾಡ್ರಿ ಅಂತ ನೀ ಹೇಳಿದ್ದ್ಯಾ?” ಎಂದರು. ಇಲ್ಲ ಎಂದೆ. “ಮತ್ತ ನಗೂದು ಯಾರಿಗಿ ನೋಡಿ? ಇನ್ನ ಮ್ಯಾಲೆ ಸಾಮಾನು ಮಾರಿದ ಮನಿಗಿ ನೀನೇ ಹೋಗಬೇಕು. ಅವರ ಅಡಗಿಮನಿದಾಗ, ಅವರ ಕೈಲೇ ಮಾಡಿಸಿ ಬರಬೇಕು” ಎಂದರು. ಅಂದಿನಿಂದ ಅದು ನಮ್ಮ ಅಂಗಡಿಯ ಪದ್ಧತಿಯಾಯಿತು. ಯಂತ್ರದ ಹಿಂದೆ ನಾನೂ ಬಸ್ಸು ಹತ್ತುತ್ತಿದ್ದೆ. ಅಷ್ಟೂರ, ಭಾಲ್ಕಿ, ಹುಮನಾಬಾದ್ ಹೀಗೆ. ಸೇಠಜಿ ಮುಂಗೋಪಿ, ಬಾಯಿ ಹರಕ. ಅವರ ಕೈಯಲ್ಲಿ ಬೈಸಿಕೊಂಡಷ್ಟು ನಾನು ನಮ್ಮಪ್ಪನ ಕೈಯಲ್ಲೂ ಬೈಸಿಕೊಂಡಿಲ್ಲ. ಆದರೆ ಆ ಒಂದು ಪದ್ಧತಿಗಾಗಿ ಅವರಿಗೆ ಇವತ್ತಿಗೂ ಕೈ ಮುಗಿಯುತ್ತೇನೆ.

ಕೌಂಟರಿನಲ್ಲಿ ತಿಳಿಯದ್ದು ಅಡುಗೆಮನೆಯಲ್ಲಿ ತಿಳಿಯುತ್ತದೆ. ಪ್ಲಗ್ಗು ಎಲ್ಲಿದೆ, ಕಟ್ಟೆ ಎಷ್ಟು ಎತ್ತರ, ಕಾಫಿ ಬೇಕೆಂದವರು ಯಾರು, ಮಾಡಬೇಕಾದವರು ಯಾರು. ಗಂಡ ಆಸೆಪಟ್ಟು ತಂದಿರುತ್ತಾನೆ, ತೊಳೆಯುವವಳು ಸೊಸೆ. ಅಂಥ ಕಡೆ ಆರು ಭಾಗ ಬಿಚ್ಚಿ ತೊಳೆಯುವ ಯಂತ್ರ ಹದಿನೈದು ದಿನವೂ ನಡೆಯುವುದಿಲ್ಲ. ಒಂದೆರಡು ಸಲ ನಾನೇ ಮಾರಿದ್ದನ್ನು ವಾಪಸು ತಂದು ಸಾದಾ ಫಿಲ್ಟರ್ ಕೊಟ್ಟು ಬಂದಿದ್ದೇನೆ.

ಹೀಗೆ ಮನೆಮನೆ ತಿರುಗಿ ನಾಲ್ಕು ಪ್ರಶ್ನೆ ಮಾಡಿಟ್ಟುಕೊಂಡೆ. ಎಷ್ಟು ಜನ ಕುಡಿಯುತ್ತೀರಿ? ಕರೆಂಟ್ ಹೇಗಿದೆ? ನೀರು ಎಂಥದ್ದು? ಪುಡಿ ಎಲ್ಲಿಂದ ತರುತ್ತೀರಿ? ಇವಕ್ಕೆ ಉತ್ತರ ಬಂದರೆ ಸಾಮಾನು ತಾನಾಗಿಯೇ ಗೊತ್ತಾಗುತ್ತದೆ ಎಂದು ನನ್ನ ನಂಬಿಕೆ. ಬೋರಿನ ನೀರಿದ್ದರೆ ಕರೆಂಟಿನ ಯಂತ್ರದ ಕೊಳವೆಯೊಳಗೆ ಬಿಳಿ ಉಪ್ಪು ಕಟ್ಟುತ್ತದೆ, ಆಗಾಗ ನಿಂಬೆಹುಳಿಯ ನೀರು ಓಡಿಸುವ ತಾಳ್ಮೆ ಇದ್ದವರಿಗೆ ಮಾತ್ರ ಅದು. ಕಾಯುವ ಪುರಸೊತ್ತು ಇದ್ದವರಿಗೆ ನಮ್ಮ ಹಳೆಯ ಫಿಲ್ಟರಿಗಿಂತ ಒಳ್ಳೆಯದಿಲ್ಲ. ಪುಡಿಯ ಮೇಲೆ ಬಿಸಿನೀರು ಹೊಯ್ದು ಮೇಲಿನ ಜಾಳಿಗೆಯನ್ನು ಕೆಳಗೆ ಒತ್ತುವ ಗಾಜಿನ ಪಾತ್ರೆ ಬಹಳ ಸುಲಭ, ಆದರೆ ಅದಕ್ಕೆ ತರಿತರಿಯಾದ ಪುಡಿಯೇ ಬೇಕು. ಪುಡಿ ತುಂಬಿ ಮುಚ್ಚಿದ ಬಿಲ್ಲೆ ಹಾಕಿ ಗುಂಡಿ ಒತ್ತುವ ಯಂತ್ರ ನೋಡಲು ಚೆಂದ, ಬಿಲ್ಲೆ ಮುಗಿದರೆ ಹೈದರಾಬಾದಿಗೆ ಹೋಗಬೇಕು. ಗ್ಯಾಸಿನ ಮೇಲಿಡುವ ಮೋಕಾ ಪಾತ್ರೆಯಲ್ಲಿ ಕೆಳಗಿನ ನೀರು ಕುದಿದು ಪುಡಿಯ ಮೂಲಕ ಮೇಲೆ ಹತ್ತುತ್ತದೆ. ಕರೆಂಟ್ ಬೇಡ, ಉಪ್ಪಿನ ಕಾಟವಿಲ್ಲ. ಸೊಂಟದಲ್ಲಿ ತಿರುಪು ಇರುತ್ತದೆ, ಅದನ್ನು ಬಿಗಿಯಾಗಿ ತಿರುಗಿಸಬೇಕು, ಅಷ್ಟೇ. ಈ ‘ಅಷ್ಟೇ’ಯನ್ನು ನಾನು ಎಷ್ಟು ಹಗುರವಾಗಿ ಹೇಳುತ್ತಿದ್ದೆ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಸೇಠಜಿ ತೀರಿಕೊಂಡ ಮೇಲೆ ಅವರ ಮಗ ಗಲ್ಲೆಗೆ ಬಂದರು. ಒಳ್ಳೆಯ ಮನುಷ್ಯ, ನನ್ನನ್ನು ಒಂದು ದಿನವೂ ಗದರಿದವರಲ್ಲ. “ಕಾಕಾ, ಈ ವಯಸ್ಸಿನಾಗ ಬಸ್ಸಿನಾಗ ತಿರುಗೂದು ಬ್ಯಾಡ. ಮಾಡೂದು ಒಂದ ಸಲ ಫೋನಿನಾಗ ಹಿಡಿದು ಇಡ್ರಿ, ಎಲ್ಲರಿಗೀ ಅದೇ ಕಳಿಸಿದ್ರ ಆಯ್ತು” ಎಂದರು. ನಾನು ಒಂದೊಂದು ನಮೂನೆಯಲ್ಲೂ ಕಾಫಿ ಮಾಡುವುದನ್ನು ಅವರು ಫೋನಿನಲ್ಲಿ ವಿಡಿಯೊ ಮಾಡಿಕೊಂಡರು. ನೋಡಿದವರು ಹೊಗಳಿದರು. ನನಗೂ ಮೊಣಕಾಲು ನೋವು ಶುರುವಾಗಿತ್ತು, ಬೇಡ ಎನ್ನಲಿಲ್ಲ. ಸೇಠಜಿ ಇದ್ದಿದ್ದರೆ ಒಪ್ಪುತ್ತಿರಲಿಲ್ಲ ಎಂದು ಅವತ್ತೇ ಅನಿಸಿತ್ತು.

ತುಕಾರಾಮ ಮಾಸ್ತರರು ಅಂಗಡಿಗೆ ಬಂದದ್ದು ಆಮೇಲೆ. ಔರಾದಿನವರು, ಸಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಒಂದು ಚೀಟಿ. ಅವರ ಹೆಂಡತಿ ಸುಲೋಚನಾಬಾಯಿ ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದವರು. ಹುಡುಗಿಯಾಗಿದ್ದಾಗ ತರಬೇತಿಗೆಂದು ಮೈಸೂರಿಗೆ ಹೋದಾಗ ಕಾಫಿಯ ರುಚಿ ಹತ್ತಿತಂತೆ.

“ನಮ್ಮ ಖಾನದಾನಿದಾಗ ಕಾಫಿ ಕುಡಿಯಾಕಿ ಆಕಿ ಒಬ್ಬಾಕಿನೇ ನೋಡ್ರಿ” ಎಂದು ಮಾಸ್ತರರು ಹೆಮ್ಮೆಯಿಂದ ಹೇಳಿದರು. “ನಡುವ ಭಾಳ ಆರಾಮ ಇರ್ಲಿಲ್ಲ. ಈಗ ಸುಧಾರಿಸ್ಯಾಳ. ಎಲ್ಲಾ ನಾವೇ ಕೈಯಾಗ ಕೊಡ್ತೇವಿ. ಅದಕ್ಕ ಬ್ಯಾಸತ್ತಾಳ. ಮುಂಜಾನಿ ಒಂದ ಕಪ್ ಕಾಫಿ ನಂಗ ನಾನೇ ಮಾಡ್ಕೋತೇನಿ, ಯಾರಿಗೀ ಕೇಳಂಗಿಲ್ಲ ಅಂತಾಳ್ರಿ. ಅಂಥದ್ದು ಒಂದು ಛಲೋದು ಕೊಡ್ರಿ.”

ಏನಾಗಿತ್ತು ಎಂದು ನಾನು ಕೇಳಲಿಲ್ಲ. ಅಷ್ಟು ಸ್ಪಷ್ಟವಾಗಿ, ತಾನೇ ಮಾಡಿಕೊಳ್ಳಬೇಕು ಎಂಬ ಮಾತು ಕಿವಿಗೆ ಬಿದ್ದರೂ ನನ್ನ ನಾಲ್ಕು ಪ್ರಶ್ನೆಗಳನ್ನು ತೆಗೆದೆ. ಕುಡಿಯುವವರು ಒಬ್ಬರೇ. ಕರೆಂಟ್ ಬಂದರೆ ಬಂತು. ಬೋರಿನ ನೀರು. ಪುಡಿ ಹೈದರಾಬಾದಿನ ಅಳಿಯ ತರುತ್ತಾನೆ. ನಾನು ಕೇಳುವುದು ಇವನ್ನೇ ಎಂದು ಯಾರಿಂದಲೋ ತಿಳಿದು ಬರೆದುಕೊಂಡು ಬಂದಿದ್ದ ಮಾಸ್ತರರು ಒಂದೊಂದಕ್ಕೂ ಚೀಟಿ ನೋಡಿ ಉತ್ತರ ಕೊಟ್ಟರು. ನಾನು ಕಣ್ಣು ಮುಚ್ಚಿ ಮೋಕಾ ಪಾತ್ರೆಯನ್ನು ಮುಂದಿಟ್ಟೆ. ಅದರ ಪಕ್ಕದಲ್ಲೇ, ಅದೇ ಕಪಾಟಿನಲ್ಲಿ ಒತ್ತುವ ಗಾಜಿನ ಪಾತ್ರೆಯೂ ಇತ್ತು.

ಹಣ ಕೊಟ್ಟು ಮೆಟ್ಟಿಲು ಇಳಿಯುವಾಗ ಮಾಸ್ತರರು ಹಿಂದಿರುಗಿ, “ಔರಾದಕ್ಕ ಬಂದು ಒಂದ ಸಲ ತೋರಸ್ತೀರೇನ್ರಿ? ಮೊದಲ ಹಂಗ ಮಾಡ್ತಿದ್ರಂತ ಕೇಳೇನಿ” ಎಂದರು.

“ಈಗ ಎಲ್ಲಾ ಫೋನಿನಾಗೇ ಬರ್ತದ್ರಿ ಮಾಸ್ತರ್. ನಾನೇ ಮಾಡಿದ್ದು ಅದ. ಕಳಸ್ತೇನಿ, ನೋಡಕೋತ ಮಾಡ್ಲಿಕ್ಕ ಹೇಳ್ರಿ” ಎಂದೆ.

ನಾಲ್ಕೈದು ದಿನಕ್ಕೆ ಅವರ ಫೋನ್ ಬಂತು. “ಭಾಳ ಛಲೋ ಅದ ಅಂದಾಳ್ರಿ.” ನಾನು ಅದನ್ನು ಅಂಗಡಿಯಲ್ಲಿ ಎಲ್ಲರಿಗೂ ಹೇಳಿದೆ. ಸರಿಯಾದ ಪ್ರಶ್ನೆ ಕೇಳಿದರೆ ಹೀಗೆ ಆಗುತ್ತದೆ ಎಂದು ಉದಾಹರಣೆಯಾಗಿ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ನಿವೃತ್ತನಾದ ಮೇಲೆ ಒಮ್ಮೆ ನೆಂಟರ ಮನೆಯ ಕೆಲಸಕ್ಕೆ ಔರಾದಿಗೆ ಹೋಗಿದ್ದೆ. ಬಸ್ಸಿಗೆ ಇನ್ನೂ ಸಮಯವಿತ್ತು. ಮಾಸ್ತರರ ಮನೆ ಹುಡುಕಿಕೊಂಡು ಹೋದೆ. ನಿಜ ಹೇಳಬೇಕೆಂದರೆ ಒಂದು ಹೊಗಳಿಕೆ ಕೇಳುವ ಆಸೆ. ಮಾಸ್ತರರು ಬಾಗಿಲಲ್ಲೇ ಗುರುತು ಹಿಡಿದು, “ಅರೇ ವೈಜಿನಾಥರಾವ್! ಬರ್ರಿ, ಬರ್ರಿ” ಎಂದು ಕೈ ಹಿಡಿದು ಒಳಗೆ ಕರೆದೊಯ್ದರು. ಪಡಸಾಲೆಯ ಷೋಕೇಸಿನಲ್ಲಿ ಬುದ್ಧನ ಪುಟ್ಟ ಮೂರ್ತಿ, ಅದರ ಕೆಳಗಿನ ಸಾಲಿನಲ್ಲಿ ಸುಲೋಚನಾಬಾಯಿಯವರಿಗೆ ನಿವೃತ್ತಿಯ ದಿನ ಕೊಟ್ಟ ಫಲಕ, ಅದರ ಮಗ್ಗುಲಿಗೆ ನನ್ನ ಮೋಕಾ ಪಾತ್ರೆ. ಹೊಳೆಯುತ್ತಿತ್ತು. ತಳದಲ್ಲಿ ಉರಿಯ ಕಲೆ ಇದ್ದೂ ಇಲ್ಲದ ಹಾಗಿತ್ತು. ದಿನಾ ಒಲೆಗೇರುವ ಪಾತ್ರೆ ಹಾಗಿರುವುದಿಲ್ಲ.

“ಡಾಕ್ಟರ್ ಬ್ಯಾಡ ಅಂದಾರಂತ್ರಿ. ಕಾಫಿ ಬಿಟ್ಟಾಳ” ಎಂದರು ಮಾಸ್ತರರು. “ಇಲ್ಲಂದ್ರ ಇವತ್ತಿಗೂ ಅದರಾಗೇ ಮಾಡ್ತಿದ್ದಳು. ನೀವು ಕೂಡ್ರಿ, ಹತ್ತ ನಿಮಿಷದಾಗ ತಿನ್ಲಿಕ್ಕ ಚೂಡಾ ತೊಗೊಂಡ ಬರ್ತೇನಿ” ಎಂದು ಚೀಲ ಹಿಡಿದು ಹೊರಟರು.

ಸುಲೋಚನಾಬಾಯಿ ಅಡುಗೆಮನೆಯಿಂದಲೇ, “ಇಲ್ಲೇ ಬರ್ರಿ ಅಣ್ಣಾರ, ಮಾತಾಡಕೋತ ಚಹಾ ಮಾಡ್ತೇನಿ” ಎಂದು ಕರೆದರು. ಬಾಗಿಲ ಬಳಿ ಹೋಗಿ ನಿಂತೆ. ಅವರ ಬಲಗೈ ಮಡಚಿದ್ದು ಮಡಚಿದ ಹಾಗೆ ಎದೆಗೆ ಅಂಟಿಕೊಂಡಿತ್ತು. ಬೆರಳುಗಳು ಒಳಕ್ಕೆ ಮುದುಡಿದ್ದವು. ಎಡಗೈಯಿಂದ ಗ್ಯಾಸ್ ಹಚ್ಚಿದರು, ಎಡಗೈಯಿಂದಲೇ ಪಾತ್ರೆ ಇಟ್ಟರು, ಡಬ್ಬಿಯನ್ನು ಕಟ್ಟೆಯ ಮೂಲೆಗೆ ಒತ್ತಿ ಹಿಡಿದು ಮುಚ್ಚಳ ತೆಗೆದರು. ಎಲ್ಲವೂ ಚೊಕ್ಕ, ಅವಸರವಿಲ್ಲ.

ಮೋಕಾ ಪಾತ್ರೆಯ ಸೊಂಟ ತಿರುಗಿಸಲು ಎರಡು ಕೈ ಬೇಕು. ಒಂದು ಕೈಯಲ್ಲಿ ಅದನ್ನು ಯಾರೂ ಬಿಗಿ ಮಾಡಲಾರರು.

ನಾನು ಏನು ನೋಡುತ್ತಿದ್ದೇನೆಂದು ಅವರಿಗೆ ತಿಳಿಯಿತು. “ಲಕ್ವಾ ಹೊಡದಿತ್ತು” ಎಂದರು, ಬೇರೆ ಯಾರದೋ ವಿಷಯ ಹೇಳುವಂತೆ.

“ಬಾಯಿ, ಆ ಪಾತ್ರೆ...”

“ಮೊದಲ ಮೊದಲ ಮಾಸ್ತರರೇ ತಿರುವಿ ಕೊಡ್ತಿದ್ರು. ಖುಷಿಲೇ ಕೊಡ್ತಿದ್ರು, ಹಂಗಲ್ಲ. ಆದ್ರ ಅದಕ್ಕೂ ಕರೀಬೇಕಲ್ರಿ. ಒಂದಿನ ಅವರು ತಿರುಗಾಡ್ಲಿಕ್ಕ ಹೋದಾಗ ಮೊಳಕಾಲಾಗ ಹಿಡದು ನಾನೇ ತಿರುವಿದೆ. ಬಿಗಿ ಆಗಲಿಲ್ಲ. ಒಲಿ ಮ್ಯಾಲೆ ಇಟ್ರ ನಡುವಿನಿಂದ ಹಬಿ ಬಂದು ಎಲ್ಲಾ ಹಾರ್ತು. ಅವರು ಬರೂದರೊಳಗ ಒರಸಿ ಇಟ್ಟೆ. ಅವತ್ತೇ ಹೇಳಿದೆ, ಡಾಕ್ಟರ್ ಬ್ಯಾಡ ಅಂದಾರಂತ. ನಾ ನರ್ಸ್ ನೋಡ್ರಿ, ನಂಬಿದ್ರು.”

ಕ್ಷಮೆ ಕೇಳಿದೆ. ಅದು ನನ್ನ ತಪ್ಪು, ಮಾಸ್ತರರದ್ದಲ್ಲ ಎಂದೆ. “ಒಂದೇ ಕೈಲೆ ಆಗೂವಂಥದ್ದು ಅದ ಬಾಯಿ. ನೀರ ಹಾಕಿ ಒತ್ತಿದ್ರ ಆಯ್ತು. ಪುಡಿನೂ ತರಿ ಬೀಸಿಸಿ ನಾನೇ ತಂದು ಕೊಡ್ತೇನಿ. ಇದೇ ವಾರದಾಗ ಬರ್ತೇನಿ” ಎಂದೆ.

ಅವರು ತಲೆ ಅಲ್ಲಾಡಿಸಿದರು. “ಬ್ಯಾಡ್ರಿ. ಹೊಸಾದು ಬಂದ್ರ ಹಳೇದು ಯಾಕ ನಡೀಲಿಲ್ಲ ಅಂತ ಹೇಳಬೇಕಾಗ್ತದ. ಭಾಳ ಆಸೆದಿಂದ ತಂದಾರ. ದಿನಾ ಅವರೇ ಒರಸಿ ಇಡ್ತಾರ ಅದಕ್ಕ.” ಕುದಿಯುತ್ತಿದ್ದ ಚಹಾದ ಉರಿ ಸಣ್ಣದು ಮಾಡಿ, “ಎಷ್ಟ ಮಂದಿ, ಎಂಥಾ ನೀರು, ಎಲ್ಲಾ ಕೇಳೀರಂತ ಅವರು ಬಂದು ಹೇಳಿದ್ರು. ನನ್ನ ಕೈ ಹ್ಯಾಂಗ ಅದ ಅಂತ ಒಂದ ಮಾತ ಕೇಳಬೇಕಾಗಿತ್ತು ಅಣ್ಣಾರ” ಎಂದರು. ಬೈಗುಳ ಇರಲಿಲ್ಲ ಅದರಲ್ಲಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಐದನೆಯ ಪ್ರಶ್ನೆ ಅದು. ಮಗಳೇ, ನಿನಗೆ ಅದನ್ನು ಮೊದಲನೆಯದಾಗಿ ಹೇಳಬೇಕಿತ್ತು. ಮಾಡುವವರು ಯಾರು, ಅವರ ಕೈ ಹೇಗಿದೆ, ಕಣ್ಣು ಹೇಗಿದೆ, ಅದನ್ನು ಕೇಳು. ಸಾಧ್ಯವಾದರೆ ಹೋಗಿ ನೋಡು. ಮಿಕ್ಕ ನಾಲ್ಕು ಆಮೇಲೆ.

ಅಷ್ಟರಲ್ಲಿ ಮಾಸ್ತರರು ಚೂಡಾದ ಪೊಟ್ಟಣ ಹಿಡಿದು ಬಂದರು. ಒಲೆಯ ಮೇಲೆ ಚಹಾ ನೋಡಿ, “ಕಾಫಿ ವೈಜಿನಾಥರು ಬಂದಾರ, ಚಹಾ ಕುಡಸ್ತೀಯೇನ?” ಎಂದು ಹೆಂಡತಿಯನ್ನು ಛೇಡಿಸಿದರು. ಷೋಕೇಸಿನಿಂದ ಮೋಕಾ ಪಾತ್ರೆ ತೆಗೆದು ನನ್ನ ಕೈಗೆ ಕೊಟ್ಟರು. ಬಂದವರಿಗೆ ಇರಲಿ ಎಂದು ಅಳಿಯ ಹೋದ ವಾರ ತಂದ ಪುಡಿಯ ಪಾಕೀಟು ಒಡೆಯದೆ ಹಾಗೇ ಇತ್ತು. “ನಾ ಫೋನಿನಾಗ ನೋಡಿ ಕಲ್ತಂವ. ನಿಮ್ಮ ಕೈಲೆ ಆಗಲಿ ಇವತ್ತ” ಎಂದರು. ನಾನು ಬೇಡವೆಂದೆ. ಅವರು ಕೇಳಲಿಲ್ಲ. ಸುಲೋಚನಾಬಾಯಿ ನನ್ನ ಕಡೆ ನೋಡಿ, ಮಾಡಿರಿ ಎಂಬಂತೆ ಕಣ್ಣಿನಲ್ಲೇ ಹೇಳಿದರು.

ಆ ಅಡುಗೆಮನೆಯಲ್ಲಿ, ಎಂದೋ ಬಂದು ಮಾಡಬೇಕಾಗಿದ್ದ ಕೆಲಸವನ್ನು ಅವತ್ತು ಮಾಡಿದೆ. ನೀರು ಹಾಕಿದೆ, ಪುಡಿ ತುಂಬಿದೆ, ಎರಡೂ ಕೈಯಿಂದ ಬಿಗಿಯಾಗಿ ತಿರುಗಿಸಿದೆ. ಕಾಫಿ ಗುಳುಗುಳು ಎಂದು ಮೇಲೆ ಹತ್ತಿತು. ಮನೆಯೆಲ್ಲ ವಾಸನೆ ತುಂಬಿತು. ಸುಲೋಚನಾಬಾಯಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. “ನೀ ಕುಡಿಬ್ಯಾಡ ಮತ್ತ, ಡಾಕ್ಟರ್ ಹೇಳ್ಯಾರ” ಎಂದು ಮಾಸ್ತರರು ಪ್ರೀತಿಯಿಂದ ನೆನಪಿಸಿದರು. ಹೂಂ ಎಂದರು ಅವರು.

ಹಾಲು ಬೆರೆಸಿದ ಮೇಲೆ ಒಂದೇ ಕಪ್ ಆಯಿತು. ಮಾಸ್ತರರು ಅದನ್ನು ನನ್ನ ಕೈಗೆ ಕೊಟ್ಟರು. ಜೀವಮಾನದಲ್ಲಿ ಮೊದಲ ಬಾರಿಗೆ ಕಾಫಿ ಕುಡಿದೆ. ಕಹಿ, ಹಿಂದಿನಿಂದ ಹಾಲಿನ ಸಿಹಿ, ಒಂದು ನಿಮಿಷ ಬಿಟ್ಟೂ ಬಾಯಿಯಲ್ಲಿ ಉಳಿಯುವ ಪರಿಮಳ. ಇಷ್ಟು ವರ್ಷ ಏನನ್ನು ಮಾರಿದೆ ಎಂದು ಆಗ ತಿಳಿಯಿತು. ಈ ಹೆಣ್ಣುಮಗಳು ಬಿಟ್ಟದ್ದು ಏನು ಎಂಬುದೂ ತಿಳಿಯಿತು.

ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಮಾಸ್ತರರು ಪಾತ್ರೆ ತೊಳೆದು, ಒರೆಸಿ ಷೋಕೇಸಿನಲ್ಲಿ ಇಡಲು ಪಡಸಾಲೆಗೆ ಹೋದರು. ಸುಲೋಚನಾಬಾಯಿ ಎಡಗೈಯಿಂದ ನನ್ನ ಖಾಲಿ ಕಪ್ ತೆಗೆದುಕೊಂಡು ನಲ್ಲಿಯ ಕಡೆ ನಡೆದರು. ನಲ್ಲಿ ತಿರುಗಿಸುವ ಮೊದಲು ಕಪ್ಪನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಒಂದು ದೀರ್ಘ ಉಸಿರು ಎಳೆದುಕೊಂಡರು. ಆಮೇಲೆ ತೊಳೆದಿಟ್ಟರು. ನಾನು ನೋಡಿದ್ದು ಅವರಿಗೆ ತಿಳಿಯದಂತೆ ಹೊರಗೆ ಬಂದು ಚಪ್ಪಲಿ ಮೆಟ್ಟಿದೆ.